ಮೈದಾನದ ಆಣೆ

ಸಿಂಧುವಿನ ಬ್ಯಾಗಿನ ತಳದಲ್ಲಿ ಕೋಚ್ ಗುರುಪಾದಸ್ವಾಮಿಯವರಿಗೆ ಮೂರು ಕಟ್ಟು ಬೀಡಿ ಸಿಕ್ಕವು.

ಸೋಮವಾರದಿಂದಲೇ ಅವರಿಗೆ ಅನುಮಾನವಿತ್ತು. ಮಾಂಬಳ್ಳಿಯ ಹುಡುಗಿ, ತಂಡದ ನಾಯಕಿ, ಶನಿವಾರ ರಾಜ್ಯಮಟ್ಟದ ಓಟಕ್ಕೆ ಹೊರಡಬೇಕಾದವಳು. ಎಲ್ಲರೂ ಬಟ್ಟೆ, ಬ್ಯಾಗು ಇಡುವ ಹೊಂಗೆಮರದ ಹತ್ತಿರ ಇವಳು ಮಾತ್ರ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದಳು.

ಕೊಳ್ಳೇಗಾಲದ ಆ ಮೈದಾನಕ್ಕೆ ಗುರುಪಾದಸ್ವಾಮಿಯೇ ಮಾಡಿದ ಕಟ್ಟಳೆಯೊಂದಿತ್ತು. ಪ್ರತಿ ಬೆಳಿಗ್ಗೆ ಮಕ್ಕಳೆಲ್ಲ ಮಾದಪ್ಪನ ಬೆಟ್ಟದ ಕಡೆ ತಿರುಗಿ, “ಮಾದಪ್ಪನಾಣೆ, ಬೀಡಿ ಸಿಗರೇಟು ಹೊಗೆಸೊಪ್ಪು ಮುಟ್ಟಲ್ಲ” ಎನ್ನಬೇಕು. ಅವರು ವಿಸಿಲ್ ಊದಿದರೆ ಆಣೆ ಶುರು, ಮತ್ತೊಮ್ಮೆ ಊದಿದರೆ ಮುಗಿಯಿತು; ಅಲ್ಲಿಯವರೆಗೂ ವಿಸಿಲ್ ಅವರ ಬಾಯಲ್ಲೇ. ಆಣೆ ಮುರಿದವರಿಗೆ ಮೈದಾನವಿಲ್ಲ. ಕೋರ್ಟಿನಲ್ಲಿ ಸಲೀಸಾಗಿ ಸುಳ್ಳು ಹೇಳುವವರೂ ಈ ಸೀಮೆಯಲ್ಲಿ ಮಾದಪ್ಪನ ಹೆಸರೆತ್ತಿ ಹೇಳುವುದಿಲ್ಲ.

ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಗುರುಪಾದಸ್ವಾಮಿಯದೇ ದೊಡ್ಡ ಫೋಟೊ ಇತ್ತು: ‘ನಮ್ಮ ಓಟಗಾರ, ನಮ್ಮ ಆದರ್ಶ. ತಂಬಾಕು ಬೇಡ.’ ಹೊಟ್ಟೆ ಬರುವ ಮುಂಚಿನ ಫೋಟೊ. ಈಗ ಒಂದು ಸುತ್ತಿಗೇ ಅವರ ದಮ್ಮು ಕಟ್ಟುತ್ತಿತ್ತು.

“ಆದರ್ಶ ಅಲ್ಲಿ ಗ್ವಾಡೆ ಮ್ಯಾಲೆ ಓಡ್ತಾ ಅವ್ನೆ ಕಣ್ರವ್ವ, ನಾನಿಲ್ಲಿ ಏದುಸ್ರು ಬುಡ್ತಾ ಇವ್ನಿ,” ಎಂದು ತಮ್ಮನ್ನೇ ಗೇಲಿ ಮಾಡಿಕೊಂಡು, ಬಾಯಿಗೊಂದು ಏಲಕ್ಕಿ ಎಸೆದುಕೊಳ್ಳುತ್ತಿದ್ದರು. ಮಕ್ಕಳು ನಗುತ್ತಿದ್ದರು.

ಇವತ್ತು ಯಾರೂ ನಗಲಿಲ್ಲ. ಈ ಮಗು ಕೆಟ್ಟರೆ ಅದಕ್ಕೆ ತಾನೇ ಕಾರಣ ಎಂದು ಗುರುಪಾದಸ್ವಾಮಿಗೆ ಅನಿಸಿತು.

“ಯಾವತ್ತಿಂದ ಸಿಂಧು?”

“ಸೋಮವಾರದಿಂದ ಸಾ. ದಿನಕ್ಕೊಂದು ಕಟ್ಟು.”

“ಕದ್ದು ಸೇದ್ತಿದ್ದೀಯಾ?”

“ಕದ್ದು ಸೇದೋಳು ನಾನಲ್ಲ ಸಾ. ಬೇಕಾರೆ ಎಣಿಸ್ಕಳಿ, ಒಂದೂ ಕಮ್ಮಿಯಾಗಿಲ್ಲ.”

ಅವರು ಎಣಿಸಲಿಲ್ಲ. ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

“ಶನಿವಾರದ ಪಟ್ಟಿಯಿಂದ ನಿನ್ನೆಸ್ರು ತೆಗೀಬೇಕಾಯ್ತದೆ ಕಣವ್ವ. ಕಟ್ಟಳೆ ಗೊತ್ತಲ್ಲ?”

“ಗೊತ್ತು ಸಾ. ಆಣೆ ಮುರ್ದೋರ್ಗೆ ಮೈದಾನ ಇಲ್ಲ.” ಸಿಂಧುವಿನ ಕಣ್ಣು ತುಂಬಿತ್ತು. ಆದರೂ ತಲೆ ತಗ್ಗಿಸಲಿಲ್ಲ. “ಆಣೆನೇ ಮಾಡ್ದೆ ಇರೋರ್ಗೆ?”

ಅಭ್ಯಾಸಬಲದಿಂದ ಗುರುಪಾದಸ್ವಾಮಿಯ ಕೈ ವಿಸಿಲ್ಲಿಗೆ ಹೋಯಿತು, ವಿಸಿಲ್ ಬಾಯಿಗೆ ಹೋಯಿತು. ಸಿಂಧು ಹೊಂಗೆಮರದ ಕೊಂಬೆಯಲ್ಲಿ ನೇತಾಡುತ್ತಿದ್ದ ಕೋಚ್ ಜಾಕೆಟ್ಟನ್ನು ತಂದು ಅವರ ಕೈಗಿತ್ತಳು. ಹಿಂದೆಯೇ ಮಕ್ಕಳೆಲ್ಲ ಬಂದು ಸಾಲಾಗಿ ನಿಂತರು.

“ನಾಕ್ನೇ ಕಟ್ಟು ಇನ್ನೂ ನಿಮ್ ಜೇಬಲ್ಲೇ ಅದೆ ಸಾ. ಬಾಯಿಂದ ವಿಸಿಲ್ ತೆಗ್ದು ಬೆಟ್ಟದ ಕಡೆ ತಿರೀಕಳಿ, ಇವತ್ತು ನಾವು ಊದ್ತೀವಿ.”