ಬಿ.ಪಿ. ಸಿಸ್ಟರ್

ಇವತ್ತು ಮೆಡಿಕಲ್ ಶಾಪಿನಲ್ಲಿ ಸ್ಪಿರಿಟ್ ವಾಸನೆ ಬಂದು, ಮೊನ್ನೆ ನಾವು ಮಣ್ಣು ಮಾಡಿ ಬಂದ ನರ್ಸ್ ಸಿಸ್ಟರ್ ನೆನಪಾದರು.

ಕೇರಳದಿಂದ ಬಂದು ಮೂಡಿಗೆರೆಯಲ್ಲಿ ನೆಲೆಸಿದ್ದ ಅವರು, ಮನಸ್ಸಿನ ಕಾಯಿಲೆಯವರನ್ನು ನೋಡಲು ಕಾಫಿ ಎಸ್ಟೇಟಿನ ಕೂಲಿಮನೆಗಳ ಲೈನುಗಳಿಗೆ ನಡೆದೇ ಬರುತ್ತಿದ್ದರು. ನನ್ನ ಅಮ್ಮನಿಗೆ ತಿಂಗಳಿಗೊಂದು ಇಂಜೆಕ್ಷನ್. ಅದು ತಪ್ಪಿದರೆ ಅಮ್ಮ ಊಟ ಬಿಟ್ಟು ಗೋಡೆಯೊಡನೆ ಮಾತಾಡುತ್ತಿದ್ದಳು.

ನಾನು ಶಾಲೆಗೆ ಹೋಗುತ್ತಿದ್ದ ಕಾಲದ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಸಿಗದೆ ಅವರು ಕಾಫಿ ಹಣ್ಣು ತೂಗುವ ಕಣಕ್ಕೇ ಬಂದರು. ಅಮ್ಮ ಚೀಲ ಹಿಡಿದು ಸಾಲಿನಲ್ಲಿದ್ದಳು.

"ಹುಚ್ಚರ ಸಿಸ್ಟರ್ ಬಂದ್ರು ಕಣೇ," ಎಂದು ಪಕ್ಕದಲ್ಲಿದ್ದ, ಅಮ್ಮನ ಗುರುತಿಲ್ಲದ ಶಾಲೆಯ ಗೆಳತಿ ನನ್ನ ಕಿವಿಯಲ್ಲಿ ನಕ್ಕಳು.

"ಅಮ್ಮ ಎಲ್ಲಿ, ಮೋಳೇ?" ಸಿಸ್ಟರ್ ತಮ್ಮ ಮಲಯಾಳದಲ್ಲಿ ಮಗಳೇ ಎನ್ನುತ್ತ ನನ್ನನ್ನೇ ಕೇಳಿದರು.

"ಇಲ್ಲ, ಬಣಕಲ್‌ಗೆ ಹೋಗಿದ್ದಾಳೆ."

ಅಮ್ಮನಿಗೆ ಕೇಳಿಸಿತು. ಅವಳು ತಿರುಗಲಿಲ್ಲ, ಚೀಲದ ಬಾಯಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಸಿಸ್ಟರ್ ಸಾಲನ್ನೊಮ್ಮೆ ನೋಡಿದರು; ಅಮ್ಮನ ಬೆನ್ನ ಮೇಲೆ ಅವರ ಕಣ್ಣು ಅರೆಕ್ಷಣ ನಿಂತಿತು. "ಇವತ್ತು ಎಲ್ಲರಿಗೂ ಬಿ.ಪಿ. ನೋಡ್ತೇನೆ. ಒಬ್ಬೊಬ್ಬರೇ ಗೋಡೌನ್ ಒಳಗೆ ಬನ್ನಿ."

"ಮೇಸ್ತ್ರಿಗೆ ಮೊದ್ಲು ನೋಡಿ ಮಾರಾಯ್ರೆ, ಅವ್ರಿಗೇ ಜಾಸ್ತಿ ಇರೋದು!" ಎಂದು ಯಾರೋ ನಗಿಸಿದರು.

ಎಲ್ಲರ ನಡುವೆ ಅಮ್ಮನೂ ಹೋಗಿ, ಸೆರಗಿನಡಿ ತೋಳಿಗೆ ಹತ್ತಿ ಒತ್ತಿಕೊಂಡು ಬಂದಳು. ಅಂದಿನಿಂದ ಸಿಸ್ಟರ್ ಪ್ರತಿ ತಿಂಗಳೂ ಇಡೀ ಲೈನಿನ ಬಿ.ಪಿ. ನೋಡಿದರು.

ಮೊನ್ನೆ ಸಮಾಧಿಯ ಬಳಿ ಲೈನಿನವರೆಲ್ಲ "ನಮ್ಮ ಬಿ.ಪಿ. ಸಿಸ್ಟರ್ ಹೋದ್ರಲ್ಲ" ಎಂದು ಅತ್ತರು. ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವರು ಬಿ.ಪಿ. ನೋಡಲು ಶುರುಮಾಡಿದ್ದು ಯಾಕೆಂದು ನಾನು ಅಲ್ಲಿಯೂ ಹೇಳಲಿಲ್ಲ.