ಆಸ್ಲೋ ಪಾಳಿ

ಬೀದರಿನ ಆಸ್ಪತ್ರೆಯ ಕೆಳಗಿನ ಕೋಣೆಯಲ್ಲಿ ಎಸ್ತೇರಮ್ಮ ಕೈಗವಸು ತೊಟ್ಟರೆ, ಆಸ್ಲೋದ ವಾರ್ಡಿನಲ್ಲಿ ಯಂತ್ರದ ಕೈಗಳು ಏಳುತ್ತಿದ್ದವು. ಊರಿನ ನರ್ಸುಗಳೆಲ್ಲ ಈಗ ಹೀಗೆಯೇ ಪರದೇಶಕ್ಕೆ ದುಡಿಯುತ್ತಿದ್ದರು. ಮೇಲಿನ ವಾರ್ಡುಗಳಲ್ಲಿ ಆಯಾಗಳಷ್ಟೇ ಉಳಿದಿದ್ದರು.

ಅಂದು ಅವಳು ಆ ಯಂತ್ರದ ಕೈಗಳಿಂದಲೇ, ಆಸ್ಲೋದಲ್ಲಿ ಸಾವಿನಂಚಿನಲ್ಲಿದ್ದ ಮುದುಕ ನಿಲ್ಸ್‌ನ ಕೈ ಹಿಡಿದು ಕುಳಿತಿದ್ದಳು. ಆಯಾ ತಿಪ್ಪವ್ವ ಓಡಿ ಬಂದಳು.

“ಸಿಸ್ಟರ್, ಮ್ಯಾಲೆ ಹೆರಿಗಿ ಆಗ್ಲಿಕತ್ತದ. ಕೂಸಿನ ಕಾಲು ಮೊದಲ ಬಂದಾವ್ರಿ!”

ಎಸ್ತೇರಮ್ಮ ತಡವರಿಸಿದಳು. ಈ ಕೈ ಬಿಡುವುದು ಹೇಗೆ? ಅನುವಾದದ ಯಂತ್ರದಲ್ಲಿ ಎಲ್ಲ ಕೇಳಿಸಿಕೊಂಡ ನಿಲ್ಸ್ ತಾನೇ ಬೆರಳು ಸಡಿಲಿಸಿದ.

“ಹೋಗಿ ಬನ್ನಿ. ಕಾಯುತ್ತೇನೆ.”

ಮೇಲೆ ಹೆರಿಗೆ ಮಾಡಿಸಿ, ಕೂಸು ಅತ್ತ ಮೇಲೆ ಅವಳು ಮೆಟ್ಟಿಲಿಳಿದು ಓಡಿ ಬಂದಳು. ಪರದೆಯಲ್ಲಿ ನಿಲ್ಸ್‌ನ ಉಸಿರು ಇನ್ನೂ ಆಡುತ್ತಿತ್ತು.

“ಹೆಣ್ಣು ಕೂಸುರೀ. ತಾಯೀನೂ ಆರಾಮ ಇದ್ದಾಳ,” ಎಂದಳು ಎಸ್ತೇರಮ್ಮ, ಕೈಗವಸು ತೊಡುತ್ತ.

“ಅಳು ಇಲ್ಲಿಯವರೆಗೂ ಕೇಳಿಸಿತು,” ಎಂದು ನಕ್ಕ ಮುದುಕ, ಅವಳ ಕೈಗಾಗಿ ಮತ್ತೆ ಬೆರಳು ಚಾಚಿದ.