ಫೈನಲ್‌ಗೆ ಮುಂಚೆ ಸರ್ ಕೇಳಿದ ಪ್ರಶ್ನೆ

ಮಕ್ಕಳನ್ನು ಆಟಕ್ಕೋ, ಟ್ಯೂಷನ್‌ಗೋ, ಕಾಂಪಿಟೇಷನ್‌ಗೋ ಕಳಿಸುವವರೆಲ್ಲ ಇದನ್ನೊಮ್ಮೆ ಓದಿ.

ಮಂಡ್ಯದ ಒಂದು ಕಾಲೇಜು. ಅಲ್ಲಿ ನಾಗಭೂಷಣ್ ಅಂತ ಒಬ್ಬ ಬಾಸ್ಕೆಟ್‌ಬಾಲ್ ಕೋಚ್.

ಹನ್ನೊಂದು ವರ್ಷದಿಂದ ತಂಡ ಕಟ್ಟುತ್ತಿದ್ದರು... ಒಂದೇ ಒಂದು ಅಂತರ ಕಾಲೇಜು ಕಪ್ ಬಂದಿರಲಿಲ್ಲ.

"ಏನ್ ಸಾರ್, ಈ ವರ್ಷನಾದ್ರೂ ಕಪ್ ಬರುತ್ತಾ?" ಅಂತ ಸ್ಟಾಫ್ ರೂಮಿನಲ್ಲಿ ಕಾಲೆಳೆಯುವವರು ಬೇರೆ. ಸರ್ ಹಲ್ಲು ಕಚ್ಚಿಕೊಂಡು ನಗುತ್ತಿದ್ದರು.

ಆ ವರ್ಷ ಫಸ್ಟ್ ಇಯರ್ ಬಿ.ಕಾಂ.ಗೆ ಲಿಖಿತ್ ಬಂದ. ಆರಡಿ ಮೂರಿಂಚಿನ ಹುಡುಗ. ಊರಲ್ಲಿ ವಾಲಿಬಾಲ್ ಬಿಟ್ಟರೆ ಬೇರೇನೂ ಆಡಿದವನಲ್ಲ.

ಮೊದಲ ದಿನ ಬಾಲ್ ಪುಟಿಸದೆ, ತಬ್ಬಿಕೊಂಡೇ ಕೋರ್ಟ್ ತುಂಬ ಓಡಿದ. ಸೀನಿಯರ್‌ಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆದರೆ ಎಗರಿದ ಅಂದರೆ... ಅಬ್ಬಬ್ಬಾ! ಕೈ ಸೀದಾ ರಿಂಗಿಗೆ ತಾಗುತ್ತಿತ್ತು. ಸರ್ ಅದನ್ನು ನೋಡಿದರು.

"ಬಲಗೈ ಬೆನ್ನ ಹಿಂದೆ ಇಟ್ಕೊಳ್ಳೋ. ಎಡಗೈಲೇ ಡ್ರಿಬಲ್ ಮಾಡು."

ದಿನಾ ಬೆಳಗ್ಗೆ ಐದೂವರೆಗೆ ಇದೇ ಪಾಠ. ದೀಪಾವಳಿ ಹೊತ್ತಿಗೆ ನಕ್ಕಿದ್ದ ಸೀನಿಯರ್‌ಗಳೇ ಅವನಿಗೆ ಹುಡುಕಿ ಹುಡುಕಿ ಪಾಸ್ ಕೊಡುತ್ತಿದ್ದರು. ಯೂನಿವರ್ಸಿಟಿ ತಂಡದ ಆಯ್ಕೆ ಕ್ಯಾಂಪಿಗೂ ಅವನ ಹೆಸರು ಬಂತು.

ಸರ್ ತಂಡದಲ್ಲಿ ಒಂದು ಪದ್ಧತಿ ಇತ್ತು. ಯಾರ ಬಾಯಲ್ಲಾದರೂ "ಆಗಲ್ಲ" ಅಂತ ಬಂದರೆ ಹತ್ತು ರೌಂಡ್ ಓಟ... ಅವನೊಬ್ಬನಿಗಲ್ಲ, ಇಡೀ ತಂಡಕ್ಕೆ!

ಸೇರಿದ ಹೊಸದರಲ್ಲಿ ಲಿಖಿತ್ ಒಮ್ಮೆ ಹಾಗೆ ಅಂದಿದ್ದ. ತನ್ನಿಂದ ಹನ್ನೊಂದು ಜನ ಬಿಸಿಲಲ್ಲಿ ಓಡಿದ್ದು ನೋಡಿ ಅತ್ತುಬಿಟ್ಟಿದ್ದ. ಆಮೇಲೆ ಆ ಮಾತು ಅವನ ಬಾಯಿಂದ ಬರಲೇ ಇಲ್ಲ.

ಫೆಬ್ರವರಿಯಲ್ಲಿ ಟೂರ್ನಮೆಂಟ್. ಸೆಮಿಫೈನಲ್ ಗೆದ್ದರು. ಆದರೆ ಕೊನೆಯಲ್ಲಿ ಲಿಖಿತ್ ಕಾಲು ತಿರುಚಿ ಬಿದ್ದ. ಸಂಜೆಯೊಳಗೆ ಮೊಣಕಾಲು ಬನ್ನಿನ ಹಾಗೆ ಊದಿತು.

ಕಾಲು ನೋಡಿದ ಡಾಕ್ಟರ್, ನಾಗಭೂಷಣ್ ಸರ್‌ನ ಪಕ್ಕಕ್ಕೆ ಕರೆದು ಹೇಳಿದರು. "ಲಿಗಮೆಂಟ್‌ಗೆ ಪೆಟ್ಟಾಗಿರೋ ಹಾಗಿದೆ. ಸ್ಕ್ಯಾನ್ ಮಾಡ್ಸಿ. ಅಲ್ಲೀವರೆಗೂ ಆಡಿಸ್ಬೇಡಿ."

ಸರ್ ತಲೆಯಾಡಿಸಿದರು. ಆದರೆ ಹನ್ನೊಂದು ವರ್ಷ... ಕಪ್ ಕೈಯಳತೆಯಲ್ಲಿತ್ತು.

ಮಾರನೇ ದಿನ ಬೆಳಗ್ಗೆ ಹತ್ತಕ್ಕೆ ಫೈನಲ್. ತಂಡದವರೆಲ್ಲ ಸುತ್ತ ನಿಂತಿದ್ದಾರೆ. ಸರ್ ಎಲ್ಲರ ಎದುರಿಗೇ ಕೇಳಿದರು.

"ಏನೋ ಲಿಖಿತ್... ಆಗುತ್ತಾ?"

ಅಲ್ಲಾ ಸ್ವಾಮಿ, ಹದಿನೆಂಟು ವರ್ಷದ ಹುಡುಗ... ಅಲ್ಲಿ ನಿಂತು ಇನ್ನೇನು ತಾನೇ ಹೇಳಿಯಾನು?

"ಆಯ್ತದೆ ಸಾ."

ಸರ್ ಅವನ ಬೆನ್ನು ತಟ್ಟಿದರು. ಹುಡುಗನೇ ಒಪ್ಪಿದನಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

ಮೂರನೇ ಕ್ವಾರ್ಟರ್‌ನಲ್ಲೇ ಹುಡುಗ ಕುಂಟುತ್ತಿದ್ದ. ಸರ್ ನೋಡಿದರು... ನೋಡಿ ಸ್ಕೋರ್‌ಬೋರ್ಡ್ ಕಡೆ ಮುಖ ತಿರುಗಿಸಿಕೊಂಡರು.

ಕೊನೆಯ ಆರು ಸೆಕೆಂಡ್. ಒಂದು ಪಾಯಿಂಟ್ ಹಿಂದೆ. ಯಾರೋ ಎಸೆದ ಬಾಲ್ ರಿಂಗಿಗೆ ಬಡಿದು ಆಚೆ ಬಂತು. ಲಿಖಿತ್ ಎಗರಿದ. ಗಾಳಿಯಲ್ಲೇ ಬಾಲ್ ಹಿಡಿದು ಒಳಗೆ ಹಾಕಿದ.

ಇಡೀ ಕೋರ್ಟ್ ಕೇಕೆ ಹಾಕಿತು! ಹುಡುಗರು ಸರ್‌ನ ಹೆಗಲ ಮೇಲೆ ಎತ್ತಿಕೊಂಡು ಕುಣಿದರು.

ಹೆಗಲ ಮೇಲೆ ಕೂತಾಗಲೇ ಸರ್‌ಗೆ ಕಂಡದ್ದು... ಲಿಖಿತ್ ರಿಂಗಿನ ಕೆಳಗೆ ಮೊಣಕಾಲು ಹಿಡಿದುಕೊಂಡು ಇನ್ನೂ ಮಲಗಿದ್ದ. ಅವರು ಹೆಗಲಿಂದ ಜಿಗಿದು ಅವನತ್ತ ಓಡಿದರು.

ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. "ನಡೀತಾನೆ. ಆದ್ರೆ ಓಡಿ ಎಗರೋ ಆಟ ಇನ್ನು ಬೇಡ," ಅಂದುಬಿಟ್ಟರು ಡಾಕ್ಟರ್.

ಸರ್ ವಾರ್ಡಿಗೆ ಹೋದಾಗ ಲಿಖಿತ್ ತಾಯಿ ಚಿಕ್ಕತಾಯಮ್ಮ ದಡಬಡಿಸಿ ಎದ್ದು ಸ್ಟೂಲ್ ಕೊಟ್ಟರು. ಅಂಗನವಾಡಿಯಲ್ಲಿ ಅಡುಗೆ ಮಾಡುವ ಹೆಂಗಸು. ಎರಡೂ ಕೈ ಮುಗಿದರು.

"ಕುಂತ್ಕಳಿ ಸಾ. ನಿಮ್ ದೆಸೆಯಿಂದ ನಮ್ ಹೈದನ್ ಫೋಟೋ ಪೇಪರ್‌ನಾಗೆ ಬಂತು. ನಮ್ ವಂಶ್ದಾಗೇ ಯಾರ್ದೂ ಬಂದಿರ್ನಿಲ್ಲ."

ಸರ್‌ಗೆ ಕೂರಲಾಗಲಿಲ್ಲ. ಈ ತಾಯಿಯ ಕೈಯಿಂದ ಈ ನಮಸ್ಕಾರ ಹೇಗೆ ತಗೊಳ್ಳೋದು?

"ಅಮ್ಮಾ... ತಪ್ಪು ನಂದು. ಆಡಿಸ್ಬೇಡಿ ಅಂತ ಡಾಕ್ಟರ್ ಹಿಂದಿನ ದಿನಾನೇ ಹೇಳಿದ್ರು. ನಂಗೆ ಗೊತ್ತಿತ್ತು."

ಚಿಕ್ಕತಾಯಮ್ಮನ ಮುಗಿದ ಕೈಗಳು ನಿಧಾನವಾಗಿ ಕೆಳಗಿಳಿದವು. ಬೈಯಲಿಲ್ಲ.

ಒಂದೇ ಮಾತು ಕೇಳಿದರು.

"ನಿಮ್ ಸ್ವಂತ ಮಗ ಆಗಿದ್ರೆ... ಆಡುಸ್ತಿದ್ರಾ ಸಾ?"

ಸರ್ ತಲೆ ತಗ್ಗಿಸಿದರು.

ಆಗ ಹಾಸಿಗೆಯಿಂದ ಸಣ್ಣ ದನಿ ಕೇಳಿತು. ಕಾಲಿಗೆ ತೊಡೆಯವರೆಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದ ಲಿಖಿತ್ ಅವ್ವನ ಸೆರಗು ಹಿಡಿದು ಎಳೆಯುತ್ತಿದ್ದ.

"ಸುಮ್ಕಿರವ್ವ... ಸಾರ್‌ಗೆ ಬೇಜಾರಾಯ್ತದೆ."

ಹನ್ನೊಂದು ವರ್ಷದಲ್ಲಿ ಯಾರೆದುರೂ ಕಣ್ಣೀರು ಹಾಕದ ಮನುಷ್ಯ, ಅವತ್ತು ಆ ಹುಡುಗನ ಮಂಚದ ಕಂಬಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು...

*

ಮಕ್ಕಳಿಗೆ ನಮ್ಮೆದುರು "ಆಗಲ್ಲ" ಅನ್ನುವ ಧೈರ್ಯ ಇಲ್ಲದಿದ್ದಾಗ, ಅವರ ಪರವಾಗಿ "ಬೇಡ" ಅನ್ನಬೇಕಾದವರು ನಾವೇ.

ನಿಮ್ಮ ಮನೆಯ ಮಗು ಕಳೆದ ಸಲ "ಏನಿಲ್ಲ, ಆಗುತ್ತೆ" ಅಂದಾಗ... ನೀವು ಅದರ ಮಾತು ಕೇಳಿದಿರಾ, ಮುಖ ನೋಡಿದಿರಾ?